ಮೇಷ್ಟ್ರ ಲ್ಯಾಬಿನ ಚಾವಣಿಗಾಗಿ ಒಂದು ಮನವಿ

ಆತ್ಮೀಯ ಹಳೆಯ ವಿದ್ಯಾರ್ಥಿಗಳೇ, ಹಿತೈಷಿಗಳೇ,

ಮೊನ್ನೆಯ ರಾತ್ರಿ ಮಳೆ ನಿಂತ ಮೇಲೆ ನಮ್ಮ ಮೇಷ್ಟ್ರ ರಸಾಯನಶಾಸ್ತ್ರದ ಲ್ಯಾಬಿನ ಬೀಗ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ವಸ್ತುಗಳ ಕಾಂತಗುಣ ಅಳೆಯುವ ಗೂಯ್ ತಕ್ಕಡಿಯ ಗಾಜಿನ ಪೆಟ್ಟಿಗೆ. ಒಳಗಿನ ಬಟ್ಟಲಿನ ನೀಲಿ ಸಿಲಿಕಾ ಜೆಲ್ ಪೂರ್ತಿ ಗುಲಾಬಿಗೆ ತಿರುಗಿತ್ತು. ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ತೇವ ಕುಡಿದರೆ ಹೀಗೆ ಬಣ್ಣ ತಿರುಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತಲೆ ಎತ್ತಿದರೆ ಚಾವಣಿಯ ಬಿರುಕು ತೊಟ್ಟಿಕ್ಕುತ್ತಿತ್ತು, ಕೆಳಗೆ ತಕ್ಕಡಿಯ ಕಾಂತದ ಸುರುಳಿ ನೆನೆದು ಕೂತಿತ್ತು.

ಆ ತಕ್ಕಡಿಯ ಮುಂದೆ ಮೇಷ್ಟ್ರಿಂದ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಮ್ಯಾಂಗನೀಸ್ +2ರಲ್ಲಿ ಜೋಡಿಯಿಲ್ಲದ ಇಲೆಕ್ಟ್ರಾನು ಐದು, ಲೆಕ್ಕದ ಪ್ರಕಾರ ಕಾಂತಗುಣ 5.92 ಬೋರ್ ಮ್ಯಾಗ್ನೆಟಾನ್ (ಅದನ್ನು ಅಳೆಯುವ ಮಾನ) ಬರಬೇಕು. ನಮ್ಮಲ್ಲೊಬ್ಬರಿಗೆ 5.2 ಬಂತು. "ಲೋಹ ಸುಳ್ಳು ಹೇಳೋದಿಲ್ಲ, ಕೊಳವೆ ಸರಿಯಾಗಿ ತುಂಬಿದ್ದೀಯೇನಪ್ಪಾ?" ಅಂದರು ಮೇಷ್ಟ್ರು. ಕೊಳವೆಯೊಳಗಿನ ಮಾದರಿಯ ಪುಡಿ ಸಡಿಲವಾಗಿತ್ತು, ಅದಕ್ಕೇ ಕಡಿಮೆ ಬಂದಿತ್ತು. ರಾತ್ರಿ ಊಟದ ಹೊತ್ತು ಮೀರಿದರೂ ಅವರೂ ಪಕ್ಕದಲ್ಲೇ ನಿಂತು ಮತ್ತೆ ತುಂಬಿಸಿದರು.

ಮೇಷ್ಟ್ರು ಸಂಶೋಧನೆ ಶುರು ಮಾಡಿದ್ದು ರಸಾಯನಶಾಸ್ತ್ರಜ್ಞ ವರ್ನರ್‌ನ ಕೋಬಾಲ್ಟ್ ಅಮೋನಿಯಾ ಸಂಕೀರ್ಣಗಳಿಂದ, ಅಂದರೆ ಲೋಹದ ಸುತ್ತ ಅಮೋನಿಯಾ ಅಂಟಿಕೊಂಡ ಸಂಯುಕ್ತಗಳಿಂದ. ಸೂತ್ರ ಒಂದೇ, ಒಂದು ಹಸಿರು, ಇನ್ನೊಂದು ನೇರಳೆ. ಲೋಹದ ಸುತ್ತಲಿನ ಜೋಡಣೆ ಬೇರೆ ಎಂದು 1893ರಲ್ಲಿ ವರ್ನರ್ ಕೊಟ್ಟ ವಿವರಣೆಯನ್ನು ಅವರು ಪ್ರತಿ ಬ್ಯಾಚಿಗೂ ಮಾಡಿಸಿಯೇ ನಂಬಿಸುತ್ತಿದ್ದರು. ಆಮೇಲೆ ತಾಮ್ರ, ಕಬ್ಬಿಣ, ಮ್ಯಾಂಗನೀಸ್. ದುಬಾರಿ ಲೋಹವಾದ ಪಲ್ಲಾಡಿಯಂ ಕೊಳ್ಳುವ ಶಕ್ತಿ ನಮ್ಮ ಲ್ಯಾಬಿಗೆ ಯಾವತ್ತೂ ಇರಲಿಲ್ಲ. 2010ರ ನೊಬೆಲ್ ಪಲ್ಲಾಡಿಯಂ ಕೆಲಸಕ್ಕೆ ಬಂದಾಗ "ಒಳ್ಳೆಯದಾಯಿತು" ಎಂದಷ್ಟೇ ಹೇಳಿ ಬೀಕರು ತೊಳೆಯಲು ಹೋದರು. (ಬೇಸರ ಇತ್ತು, ಒಂದೇ ಬೀಕರನ್ನು ಮೂರು ಸಲ ತೊಳೆದರು.) ಆದರೆ ಅಗ್ಗದ ಲೋಹಗಳಲ್ಲೇ ದುಡಿದು ಅವರು ತಯಾರು ಮಾಡಿದ ಶಿಷ್ಯರು ಇಂದು ಎಲ್ಲೆಲ್ಲಿ ಪಾಠ ಮಾಡುತ್ತಿದ್ದಾರೆ ಎಂಬುದು ನಿಮಗೇ ಗೊತ್ತು. ನಮ್ಮ ಹೆಮ್ಮೆ ಅದೇ.

ನಿವೃತ್ತರಾದ ಮೇಲೂ ಶನಿವಾರ ಶಾಲಾ ಮಕ್ಕಳಿಗೆ ವೆನೇಡಿಯಂ ಲೋಹದ ಬಣ್ಣಗಳನ್ನು ತೋರಿಸುತ್ತಾರೆ. ಆಮ್ಲದ ಹಳದಿ ದ್ರಾವಣಕ್ಕೆ ಸತು ಹಾಕಿದರೆ ನೀಲಿ, ಹಸಿರು, ಕೊನೆಗೆ ನೇರಳೆ. ಫ್ಲಾಸ್ಕಿನ ಬಾಯಿ ತೆರೆದಿಟ್ಟರೆ ಗಾಳಿ ತಾಗಿ ಮತ್ತೆ ಹಸಿರು. ಈ ಶನಿವಾರ ಮಕ್ಕಳನ್ನು ಬಾಗಿಲಿನಿಂದಲೇ ವಾಪಸು ಕಳಿಸಬೇಕಾಯಿತು. ಸಂಶೋಧನೆ ಮಾಡುತ್ತಿರುವ ಇಬ್ಬರು ಹುಡುಗಿಯರು ಮಾದರಿಗಳನ್ನೆಲ್ಲ ಮನೆಗೆ ಒಯ್ದಿಟ್ಟುಕೊಂಡಿದ್ದಾರೆ. ಅವರ ವಿದ್ಯಾರ್ಥಿವೇತನವನ್ನೂ ಎರಡು ತಿಂಗಳಿಂದ ಕೊಡಲಾಗಿಲ್ಲ.

ಹಿಂದಿನ ಸಲ ಬರೀ ಡಾಂಬರು ಬಳಿಸಿ ಸುಮ್ಮನಾದದ್ದು ನಮ್ಮದೇ ತಪ್ಪು. ಈಗ ಚಾವಣಿ ಬಿಚ್ಚಿ ಹಾಕಿಸಲೇಬೇಕು, ವೈರಿಂಗ್ ಬದಲಿಸಬೇಕು, ಸುರುಳಿ ಹೊಸದಾಗಿ ಸುತ್ತಿಸಬೇಕು. ಚಾವಣಿಯ ಖರ್ಚಿನ ಅರ್ಧದಷ್ಟು ನಮ್ಮಲ್ಲಿದೆ, ಉಳಿದದ್ದಕ್ಕೆ ನೀವೇ ಗತಿ. ತಿಂಗಳ ಕೊನೆಯೊಳಗೆ ಮುಂಗಡ ಕೊಡದಿದ್ದರೆ ಕಂಟ್ರಾಕ್ಟರು ಬೇರೆ ಕೆಲಸ ಹಿಡಿಯುತ್ತಾರಂತೆ. ಎಷ್ಟೇ ಕೊಟ್ಟರೂ ರಸೀದಿ ಕೊಡುತ್ತೇವೆ. ಹಣ ಆಗದವರ ಬಳಿ ಸುಮ್ಮನೆ ಬಿದ್ದಿರುವ ವ್ಯಾಕ್ಯೂಮ್ ಪಂಪ್ ಇದ್ದರೂ ಸರಿ, ನಾವೇ ಬಂದು ಹೊತ್ತೊಯ್ಯುತ್ತೇವೆ.

ಮೇಷ್ಟ್ರಿಗೆ ಈ ಪತ್ರದ ವಿಷಯ ತಿಳಿಸಿಲ್ಲ. ದಯವಿಟ್ಟು ನೀವೂ ತಿಳಿಸಬೇಡಿ.

ಇಂತಿ,
ಟ್ರಸ್ಟಿನ ಪರವಾಗಿ, ಧರ್ಮದರ್ಶಿಗಳು