ಅಡಿಕೆಯ ಕೊನೆಯ ಎರಡು ಸಾಲು

ರೋಟರ್‌ಡಾಮ್,
ನೆದರ್‌ಲ್ಯಾಂಡ್ಸ್
ಭಾನುವಾರ ಸಂಜೆ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ? ಹಿತ್ತಲಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಲು ಹೇಳಿ.

ಅಪ್ಪ, ಮೊನ್ನೆ ಫೋನಿನಲ್ಲಿ ನೀವು ನಾಲ್ಕನೆಯ ಬೋರ್ ಕೊರೆಸುವ ಮಾತು ತೆಗೆದಿರಿ. ನಾನು ಹೂಂ ಎಂದೆ, ಹಣ ಕಳಿಸುತ್ತೇನೆ ಎಂದೂ ಹೇಳಿದೆ. ಫೋನ್ ಇಟ್ಟ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಿಮ್ಮ ದನಿ ಕೇಳಿದರೆ ನನಗೆ ಎದುರಾಡಲು ಬಾಯಿ ಬರುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೊಳ್ಳಿ.

ನಾನಿರುವ ಜಾಗವನ್ನು ನೀವು ನೋಡಿಲ್ಲ. ರೋಟರ್‌ಡಾಮ್‌ನ ಈ ಪೂರ್ವಭಾಗ ಸಮುದ್ರಮಟ್ಟಕ್ಕಿಂತ ಹತ್ತಿರಹತ್ತಿರ 6 ಮೀಟರ್ ಕೆಳಗಿದೆ. ನಮ್ಮ ಕೆರೆ ಏರಿಯ ಮೇಲೆ ನಿಂತರೆ ಕೆಳಗೆ ಗದ್ದೆ ಕಾಣುತ್ತದಲ್ಲ, ಆ ಗದ್ದೆಯ ಜಾಗದಲ್ಲಿ ನನ್ನ ಮನೆ ಎಂದುಕೊಳ್ಳಿ. ಏರಿಯ ಆಚೆ ಕೆರೆಯ ಬದಲು ಸಮುದ್ರ. ಪಂಪುಗಳು ನೀರನ್ನು ಎತ್ತಿ ಕಾಲುವೆಗೆ, ಕಾಲುವೆಯಿಂದ ನದಿಗೆ ಹಾಕುತ್ತಲೇ ಇರಬೇಕು. ಹಿರಿಯೂರು ಸೀಮೆಯವಳಾದ ನನಗೆ, ನೀರು ಹೆಚ್ಚಾಯಿತೆಂದು ಆಚೆ ಚೆಲ್ಲುವುದನ್ನು ನೋಡಿ ಮೊದಲ ವರ್ಷವೆಲ್ಲ ಸಂಕಟವಾಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ನೀವು ಕಳಿಸಿದ್ದ ವಿಡಿಯೊ ಇನ್ನೂ ನನ್ನ ಮೊಬೈಲಿನಲ್ಲಿದೆ. 1933ರ ನಂತರ, 89 ವರ್ಷ ಕಾದು ಬಂದ ಕೋಡಿ ಅದು. ಅವ್ವ ಸೆರಗು ಹೊದ್ದು, ಆ ನೀರಿಗೆ ಕೈಮುಗಿದು ನಿಂತಿದ್ದಾಳೆ. ಇಲ್ಲಿನ ಗೆಳತಿಯರಿಗೆ ಅದನ್ನು ತೋರಿಸಿದಾಗ ಅವರಿಗೆ ಅರ್ಥವಾಗಲಿಲ್ಲ. ನೀರು ಅಂಚು ಮೀರಿ ಹರಿಯುವುದೆಂದರೆ ಅವರಿಗೆ ಭಯ.

ಆ ಭಯ ಏನೆಂದು ಹೇಳಿದವರು ಕೆಳಮನೆಯ ಅಜ್ಜಿ. ಅವರು ಝೀಲ್ಯಾಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದವರು. 1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದು ಏರಿಗಳು ಒಡೆದವು. ಈ ದೇಶದಲ್ಲಿ 1,836 ಜನ ಸತ್ತರು. ಏಳು ವರ್ಷದ ಆ ಹುಡುಗಿ ಅಟ್ಟದ ಮೇಲೆ, ಹೆಂಚಿನ ಸಂದಿಯಲ್ಲಿ ಬೆಳಗಾಗುವುದನ್ನೇ ನೋಡುತ್ತ ಕುಳಿತಿದ್ದಳಂತೆ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳ ಕೂಗು ಒಂದೊಂದಾಗಿ ನಿಂತದ್ದು ಈಗಲೂ ಕೇಳಿಸುತ್ತದೆ ಎಂದರು. ಆಮೇಲೆ ಅವರು ಹೇಳಿದ ಒಂದು ಮಾತು ನನ್ನನ್ನು ಬಿಟ್ಟುಹೋಗಿಲ್ಲ: "ಏರಿ ತಗ್ಗಾಗಿದೆ ಎಂದು ನನ್ನ ಅಪ್ಪನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು."

2023ರ ಮಾರ್ಚ್‌ನಲ್ಲಿ ನನಗೊಂದು ಮತದಾನದ ಚೀಟಿ ಬಂತು. ಇಲ್ಲಿನ ಸಂಸತ್ತಿಗೆ ಮತ ಹಾಕುವ ಹಕ್ಕು ನನಗಿಲ್ಲ. ಆದರೆ ನೀರಿನ ಮಂಡಳಿಗೆ, ಇವರು ವಾಟರ್‌ಸ್ಕಾಪ್ ಎನ್ನುತ್ತಾರೆ, ಇಲ್ಲಿ ವಾಸವಿರುವ ಪರದೇಶದವರೂ ಮತ ಹಾಕಬಹುದು. ಅಂಥ 21 ಮಂಡಳಿಗಳಿವೆ. ಕೆಲವು 13ನೆಯ ಶತಮಾನದಿಂದ ಇವೆ, ಈ ದೇಶ ದೇಶವಾಗುವುದಕ್ಕಿಂತ ಮೊದಲು. ಏರಿ ಕಾಯುವುದು, ಕಾಲುವೆಯ ಹೂಳು ತೆಗೆಸುವುದು, ನೀರನ್ನು ಎಷ್ಟು ಎತ್ತರದಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಅವುಗಳ ಕೆಲಸ. ಅದಕ್ಕೆಂದು ಪ್ರತಿ ಮನೆಯೂ ತೆರಿಗೆ ಕಟ್ಟುತ್ತದೆ, ನಾನೂ ಕಟ್ಟುತ್ತೇನೆ. ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ಮತಪತ್ರವನ್ನು ಪೆಟ್ಟಿಗೆಗೆ ಹಾಕುವಾಗ ನನ್ನ ಕಣ್ಣು ತುಂಬಿತ್ತು. ಹೊರಗಿನಿಂದ ಬಂದವಳನ್ನು ಈ ಊರು ಮೊದಲು ಕೇಳಿದ್ದು ನೀರಿನ ಬಗ್ಗೆ.

ಇದು ಸುಮ್ಮನೆ ಬಂದದ್ದಲ್ಲ. ಹಿಂದೆ ಪ್ರತಿ ರೈತನಿಗೂ ಏರಿಯ ಇಷ್ಟು ಮಾರು ನಿನ್ನ ಪಾಲು ಎಂದು ಗೊತ್ತುಮಾಡಿರುತ್ತಿದ್ದರು. ಆ ಪಾಲನ್ನು ಕಾಯಲಾಗದವನು ತನ್ನ ಸಲಿಕೆಯನ್ನು ಏರಿಯಲ್ಲಿ ನೆಟ್ಟು ಜಮೀನು ಬಿಟ್ಟು ಹೊರಡಬೇಕಿತ್ತು. ಆ ಸಲಿಕೆ ಕಿತ್ತವನಿಗೆ ಜಮೀನೂ ಸಿಗುತ್ತಿತ್ತು, ಏರಿಯ ಹೊಣೆಯೂ ಬೀಳುತ್ತಿತ್ತು. ಕಠೋರವಾದ ಕಟ್ಟಳೆ. ಮಂಡಳಿಯಲ್ಲಿ ಶತಮಾನಗಳ ಕಾಲ ಜಮೀನಿದ್ದವರದೇ ಮಾತು ನಡೆಯುತ್ತಿದ್ದುದೂ ನಿಜ. ಇವತ್ತಿಗೂ ಮಂಡಳಿಗಳು ಸಂಬಳ ಕೊಟ್ಟು ಇಟ್ಟುಕೊಂಡಿರುವ ಜನರಿದ್ದಾರೆ. ಮಸ್ಕ್‌ರಾಟ್ ಎಂಬ, ಇಲಿಯನ್ನು ಹೋಲುವ ಪ್ರಾಣಿ ಏರಿಯಲ್ಲಿ ಬಿಲ ತೋಡುತ್ತದೆ, ಅದನ್ನು ಹುಡುಕಿ ಹಿಡಿಯುವುದೇ ಅವರ ಕೆಲಸ. ಒಂದು ಬೆಳಿಗ್ಗೆ ಕಾಲುವೆ ಬದಿಯಲ್ಲಿ ಅಂಥವರೊಬ್ಬರು ಬಗ್ಗಿ, ಹುಲ್ಲು ಸರಿಸಿ ನೋಡುತ್ತಿದ್ದರು. ಅಪ್ಪ, ನನಗೆ ನಮ್ಮ ನೀರಗಂಟಿ ಅಜ್ಜ ಕಂಡಹಾಗಾಯಿತು.

ಏಡಿ ಬಿಲ, ಹೆಗ್ಗಣದ ಬಿಲ ಎಂದು ಕೋಲಿನಿಂದ ಏರಿಯನ್ನು ತಿವಿಯುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರಲ್ಲ ಅವರು. ಮಳೆ ಬಂದ ರಾತ್ರಿ ಗೋಣಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಕೆರೆಯ ಕಡೆ ಹೋಗುತ್ತಿದ್ದರು. ತೂಬು ಎತ್ತುವುದು ಯಾವಾಗ, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರ ಬಾಯಿಂದಲೇ ಬರಬೇಕಿತ್ತು, ಗೌಡರೂ ಅದಕ್ಕೆ ತಲೆಬಾಗುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಭತ್ತ ಒಯ್ಯುತ್ತಿದ್ದರು. ಆದರೆ ಕೆರೆಯ ಕೆಳಗೆ ಅವರಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ನಮ್ಮ ಜಗಲಿಯ ಮೇಲೆ ಅವರು ಕುಳಿತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ; ಅಂಗಳದಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದರು, ಆ ಲೋಟ ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಹಿಂದಿನ ಕಾಲ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ನನಗೆ ಆ ಲೋಟ ನೆನಪಾಗುತ್ತದೆ. ಇಡೀ ಊರಿನ ನೀರು ಕಾದವರನ್ನು ಊರು ಹಾಗೆ ನಡೆಸಿಕೊಂಡಿತು.

ಆಮೇಲೆ ಬೋರ್ ಬಂತು. ಅದನ್ನು ತಪ್ಪೆನ್ನಲಾರೆ. ಕೆರೆಯ ನೀರು ಕಾಣದ ಮೇಲುಹೊಲದವರೂ ಅದರಿಂದ ಹಸಿರು ಕಂಡರು, ನನ್ನನ್ನು ಓದಿಸಿದ್ದೂ ನಮ್ಮ ಮೊದಲ ಬೋರಿನ ನೀರೇ. ಆದರೆ ಅವರವರ ಹೊಲದಲ್ಲಿ ಅವರವರ ನೀರು ಬಂದ ಮೇಲೆ ಕೆರೆಯ ಕಡೆ ಹೋಗುವವರು ಯಾರೂ ಉಳಿಯಲಿಲ್ಲ. ನೀರಗಂಟಿ ಅಜ್ಜನ ಮಗ ಗಾರೆ ಕೆಲಸಕ್ಕೆ ಹೋದ. ತೂಬಿನ ಮೇಲೆ ಜಾಲಿ ಬೆಳೆಯಿತು. ನಮ್ಮ ಮೊದಲ ಬೋರ್ 180 ಅಡಿಗೆ ನೀರು ಕೊಟ್ಟಿತ್ತು, ಎರಡನೆಯದು 400, ಮೂರನೆಯದಕ್ಕೆ 750 ಅಡಿ ಕೊರೆಸಿದಿರಿ. ಮೂರನೆಯದು ಕೊರೆಸಿದ ದಿನ ನಾನು ಊರಿನಲ್ಲಿದ್ದೆ. ರಿಗ್ ಲಾರಿ ರಾತ್ರಿಯಿಡೀ ಬೂದಿಯಂಥ ಧೂಳು ಎಬ್ಬಿಸುತ್ತಿತ್ತು, ಅವ್ವ ದೇವರ ಮುಂದೆ ದೀಪ ಆರದಂತೆ ಎಣ್ಣೆ ಹಾಕುತ್ತ ಕುಳಿತಿದ್ದಳು. ಬೆಳಗಿನ ಜಾವ ನೀರು ಬಂತು. ಅದಾದ ತಿಂಗಳೊಳಗೆ ಪಕ್ಕದ ಹೊಲದ ಚಿಕ್ಕಪ್ಪನ ಬೋರ್ ಬತ್ತಿತು. ಅವರು ಅದರ ಬಗ್ಗೆ ನಮ್ಮೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ನಾವೂ ಆಡಲಿಲ್ಲ.

ಇನ್ನು ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಚಿಕ್ಕವಳಿದ್ದಾಗ ನನ್ನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದಿರಿ. ಅಕ್ಕತಂಗಿ ಹೊಂಡದ ಹತ್ತಿರ ಕೂರಿಸಿ, ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಗೆ ಹೋಗುತ್ತದೆ, ಕಟ್ಟಿದವರು ದಾರಿಯನ್ನು ಎಲ್ಲಿಯೂ ಮುಚ್ಚಲಿಲ್ಲ ನೋಡು ಎಂದು ಕೈಮಾಡಿ ತೋರಿಸಿದಿರಿ. ಹಾಗೆ ಕಲಿಸಿದವರು ನೀವು. ನಮ್ಮ ತೋಟದ ಪಡುವಣ ಬದಿಯ ಕೊನೆಯ ಎರಡು ಸಾಲು ಅಡಿಕೆ ಇವೆಯಲ್ಲ, ಅವು ಕೆರೆಗೆ ನೀರು ತರುವ ಹಳ್ಳದ ಮೇಲಿವೆ. ಬದುವನ್ನು ಎರಡು ಸಲ ಆಚೆ ಸರಿಸಿದ್ದನ್ನು ನಾನು ನೋಡಿದ್ದೇನೆ. ನಾವೊಬ್ಬರೇ ಅಲ್ಲ, ಮೇಲಿನ ಹೊಲದವರೂ ಒತ್ತಿದ್ದಾರೆ ಎಂದು ನೀವು ಹೇಳುತ್ತೀರಿ, ಅದು ನಿಜ. ಮಳೆಯಾದರೂ ಕೆರೆ ತುಂಬದಿರುವುದಕ್ಕೆ ಆ ಹಳ್ಳ ಈಗ ಒಂದು ಗಾಡಿಯ ಅಗಲಕ್ಕೆ ಬಂದಿರುವುದೂ ಕಾರಣ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬೋರ್‌ಗಳಲ್ಲಿ ನೀರು ಏರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೆಳಮನೆಯ ಅಜ್ಜಿಯ ಮಾತು ಕೇಳಿದಾಗ ನನಗೆ ನಮ್ಮ ಮನೆಯ ಊಟದ ಹೊತ್ತು ನೆನಪಾಯಿತು. ನಮಗೂ ಎಲ್ಲರಿಗೂ ಗೊತ್ತಿತ್ತು.

ಅಪ್ಪ, ಆ ಎರಡು ಸಾಲನ್ನು ತೆಗೆಸೋಣ. ಕೈಯಾರೆ ಸಾಕಿದ ಮರ ಕಡಿಸುವುದು ನಿಮಗೆ ಎಷ್ಟು ಕಷ್ಟವೆಂದು ಬಲ್ಲೆ. ಈ ವರ್ಷದ ಕೊಯಿಲು ಮುಗಿಯಲಿ. ಬೋರ್‌ಗೆಂದು ಎತ್ತಿಟ್ಟ ಹಣವನ್ನೇ ಕಳಿಸುತ್ತೇನೆ, ಬೇಸಿಗೆಯಲ್ಲಿ ಜೆಸಿಬಿ ತರಿಸಿ ನಮ್ಮ ಪಾಲಿನ ಹಳ್ಳವನ್ನು ಹಳೆಯ ಅಗಲಕ್ಕೆ ತೆಗೆಸಿ. ಮೊದಲು ನಮ್ಮದನ್ನು ತೆಗೆದರೆ ಮೇಲಿನ ಹೊಲದವರ ಹತ್ತಿರ ಮಾತಾಡಲು ನಿಮಗೆ ಬಾಯಿ ಬರುತ್ತದೆ. ಅವರು ಒಪ್ಪದಿದ್ದರೂ ನಮ್ಮದು ತೆಗೆದಿರಲಿ. ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಳ್ಳಿ. ನೀರಗಂಟಿ ಅಜ್ಜನ ಮಗನನ್ನೂ ಕೇಳಿ. ಹಳ್ಳದ ಹಳೆಯ ಜಾಡು ಅವರಿಗೆ ಗೊತ್ತಿರುತ್ತದೆ, ತಂದೆಯ ಹಿಂದೆ ನಡೆದವರಲ್ಲವೆ. ಬಂದಾಗ ಜಗಲಿಯ ಮೇಲೆ ಕೂರಿಸಿ, ನಿಮ್ಮ ಪಕ್ಕದಲ್ಲೇ. ಅವ್ವ, ಕಾಫಿಯನ್ನು ನಾವು ಕುಡಿಯುವ ಲೋಟದಲ್ಲೇ ಕೊಡು.

ಏಪ್ರಿಲ್‌ನಲ್ಲಿ ಮೂರು ವಾರ ರಜೆ ಸಿಗುತ್ತದೆ. ಕೆಲಸವನ್ನು ಆಗಲೇ ಇಟ್ಟುಕೊಂಡರೆ ನಾನೂ ಇರುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಕಾಗದ ಬಂದಿರದಿದ್ದರೆ ಈ ವಿಷಯ ಎತ್ತುವುದಿಲ್ಲ.

ಇಂತಿ ನಿಮ್ಮ ಪ್ರೀತಿಯ ಮಗಳು