ಮಂಗಳನ ಸುದ್ದಿಗೆ ಅವಸರದ ತಲೆಬರಹ ಬೇಡ

ಮಾನ್ಯರೇ,

ಮಂಗಳ ಗ್ರಹದಲ್ಲಿ ಹಿಂದೆ ಜೀವಿಗಳಿದ್ದದ್ದು ಖಚಿತವಾಗಿಬಿಟ್ಟಿದೆ ಎನ್ನುವಂಥ ತಲೆಬರಹಗಳು ಈಚೆಗೆ ಜಾಸ್ತಿಯಾಗಿವೆ. ನೀರಿನ ಮಾತಾದರೆ ಸರಿ, ಅದಕ್ಕೆ ಗಟ್ಟಿ ಪುರಾವೆ ಇದೆ. 2021ರಲ್ಲಿ ನಾಸಾದ ಪರ್ಸಿವರೆನ್ಸ್ ರೋವರ್ (ನೆಲದ ಮೇಲೆ ಓಡಾಡಿ ಪರೀಕ್ಷಿಸುವ ವಾಹನ) ಇಳಿದ ಜೆಜೆರೊ ಕುಳಿಯೇ ಒಂದು ಕಾಲದ ಸರೋವರ. ನದಿಯೊಂದು ಅಲ್ಲಿಗೆ ಹೊತ್ತು ತಂದ ಹೂಳು ಇಂದಿಗೂ ಎದ್ದು ಕಾಣುತ್ತದೆ. ಆದರೆ ನೀರಿತ್ತು ಎಂದ ಮಾತ್ರಕ್ಕೆ ಜೀವವೂ ಇತ್ತು ಎಂದಾಗುವುದಿಲ್ಲ, ಅಲ್ವಾ?

2024ರಲ್ಲಿ ಈ ರೋವರ್‌ಗೆ ಚಿರತೆಯ ಮೈಮೇಲಿನಂಥ ಚುಕ್ಕೆಗಳಿರುವ ಬಂಡೆಯೊಂದು ಸಿಕ್ಕಿತು. ಅದರಲ್ಲಿ ಕಂಡ ಕಬ್ಬಿಣದ ಖನಿಜಗಳು ಭೂಮಿಯಲ್ಲಿ ಎಷ್ಟೋ ಸಲ ಸೂಕ್ಷ್ಮಜೀವಿಗಳಿಂದ ಉಂಟಾಗುತ್ತವೆ. ಜೀವಿಗಳ ನೆರವಿಲ್ಲದೆಯೂ ಆಗಬಹುದು. ಅದಕ್ಕೇ ವಿಜ್ಞಾನಿಗಳು ಇದನ್ನು ಇನ್ನೂ ಪರೀಕ್ಷೆಯಾಗಬೇಕಾದ ಸುಳಿವು ಎಂದಷ್ಟೇ ಹೇಳಿದ್ದಾರೆ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮಂಗಳದ ಉಲ್ಕಾಶಿಲೆಯ ಬಗ್ಗೆ 1996ರಲ್ಲಿ ಎದ್ದ ಗದ್ದಲ ಹಲವರಿಗೆ ನೆನಪಿರಬಹುದು. ಅದರಲ್ಲಿ ಜೀವದ ಗುರುತಿದೆ ಎಂಬ ವಾದವನ್ನು ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ.

ಬಂಡೆಯಿಂದ ಕೊರೆದು ತೆಗೆದ ಮಾದರಿ ಭೂಮಿಗೆ ಇನ್ನೂ ಬಂದಿಲ್ಲ. ಅದು ಬಂದು ಪರೀಕ್ಷೆಯಾಗುವ ತನಕ, ಇಂಥ ವರದಿಗಳ ಪಕ್ಕದಲ್ಲೇ ಯಾವುದು ಖಚಿತ, ಯಾವುದು ಊಹೆ ಎಂದು ತಿಳಿಸುವ ನಾಲ್ಕು ಸಾಲಿನ ಬಾಕ್ಸ್ ಒಂದನ್ನು ಪತ್ರಿಕೆಗಳು ಪ್ರಕಟಿಸಲಿ.