ಹನ್ನೊಂದು ರಾತ್ರಿಗಳ ಒಂದೇ ವಾಕ್ಯ

ಕೊಪ್ಪಳ

ಪ್ರೀತಿಯ ತಮ್ಮನಿಗೆ, ಆಶೀರ್ವಾದಗಳು.

ಗಂಗಾವತಿಯಿಂದ ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ನಿನ್ನ ಕಥೆಯನ್ನು ‘ಇದು ಕಥೆಯೇ ಅಲ್ಲ’ ಎಂದು ತಳ್ಳಿಹಾಕಿ ಐದು ತಿಂಗಳಾದರೂ, ಆ ಮಾತು ದಿನವೂ ದೀಪ ಆರಿಸಿದ ಮೇಲೆ ಬಂದು ಕೂರುತ್ತದೆ, ‘ನಾನೇಕೆ ಹೀಗೆ’ ಎಂಬಲ್ಲಿಗೇ ಸುತ್ತಿ ಸುತ್ತಿ ಬರುತ್ತದೆ ಎಂದಿದ್ದೀಯ. ಕೊನೆಗೆ, ಲೇಖಕನಾದವನು ಇಷ್ಟು ಆಳವಾಗಿ ಯೋಚಿಸಲೇಬೇಕಲ್ಲವೇ ಎಂದೂ ಕೇಳಿದ್ದೀಯ. ನನ್ನ ತಕರಾರು ಇರುವುದು ಆ ಕೊನೆಯ ಸಾಲಿನ ಮೇಲೆ.

ನಾನೂ ಒಂದು ಕಾಲದಲ್ಲಿ ಇದನ್ನೇ ಆಳವೆಂದು ನಂಬಿದ್ದೆ. ಕಳೆದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಹಳೆಯ ಡೈರಿಯೊಂದು ಸಿಕ್ಕಿತು. ಪತ್ರಿಕೆಯೊಂದು ನನ್ನ ಕಥೆಯನ್ನು ಹಿಂತಿರುಗಿಸಿದ ನಂತರದ ಹನ್ನೊಂದು ರಾತ್ರಿಗಳ ಹನ್ನೊಂದು ಪುಟಗಳು ಅದರಲ್ಲಿದ್ದವು. ನಡುವೆ ಶಾಯಿ ನೀಲಿಯಿಂದ ಕಪ್ಪಾಗಿತ್ತು, ವಾಕ್ಯ ಮಾತ್ರ ಬದಲಾಗಿರಲಿಲ್ಲ: ‘ನನ್ನಲ್ಲಿ ಏನೋ ಕೊರತೆ ಇದೆ.’ ಆ ‘ಏನೋ’ ಎಂದರೆ ಏನೆಂಬುದು ಒಂದು ಪುಟದಲ್ಲೂ ಇರಲಿಲ್ಲ. ಎಮ್ಮೆ ಮೆಲುಕು ಹಾಕಿದ ಮೇವು ಅರಗಿ ಹಾಲಾಗುತ್ತದೆ. ನಾನು ಮೆಲುಕು ಹಾಕಿದ್ದು ಹನ್ನೊಂದನೆಯ ರಾತ್ರಿಯೂ ಹಸಿಯಾಗಿಯೇ ಇತ್ತು. ಮನಶ್ಶಾಸ್ತ್ರದಲ್ಲಿ ಈ ರೋಗಕ್ಕಿರುವ ರೂಮಿನೇಷನ್ ಎಂಬ ಹೆಸರಿಗೂ ಲ್ಯಾಟಿನ್ನಿನಲ್ಲಿ ಮೆಲುಕು ಎಂದೇ ಅರ್ಥ. (ರೋಗ ಎಂದದ್ದು ನನ್ನ ಸಿಟ್ಟಿಗೆ, ವೈದ್ಯರು ಇದನ್ನು ಅಭ್ಯಾಸವೆನ್ನುತ್ತಾರೆ.)

ಅಭ್ಯಾಸವೆಂದು ಹಗುರವಾಗಿ ಕಾಣುವಂತಿಲ್ಲ. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲೇ, ಕಾಕತಾಳೀಯವಾಗಿ, ವಿದ್ಯಾರ್ಥಿಗಳ ಮನಸ್ಸಿನ ಸ್ವಭಾವವನ್ನು ದಾಖಲಿಸಿಟ್ಟಿದ್ದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಏಳು ವಾರಗಳ ನಂತರ ಮತ್ತೆ ನೋಡಿದಾಗ, ದುಃಖವನ್ನೇ ಕೆದಕುತ್ತ ಕೂರುವ ಸ್ವಭಾವದವರಲ್ಲಿ ಖಿನ್ನತೆ ಹೆಚ್ಚು ಉಳಿದಿತ್ತು.

‘ಮರೆತುಬಿಡು’ ಎಂದು ನಾನು ಹೇಳುವುದಿಲ್ಲ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದಂತಾಗುತ್ತದೆ ಅದು. ಪ್ರಶ್ನೆಯನ್ನು ಬದಲಿಸು ಎನ್ನುತ್ತೇನೆ. ಎಕ್ಸಿಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಅವರ ಚಿಕಿತ್ಸಾಕ್ರಮದ ತಿರುಳೂ ಇದೇ: ‘ಏಕೆ’ ಎಂಬ ಮಸುಕು ಪ್ರಶ್ನೆಯಿಂದ ‘ಹೇಗೆ’ ಎಂಬ ಖಚಿತ ಪ್ರಶ್ನೆಗೆ ಮನಸ್ಸನ್ನು ಪಳಗಿಸುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ನಿಮ್ಮ ಭತ್ತದ ಸೀಮೆ ಮರೆತಿರಲಾರದು. ಚೈನು ಏಕೆ ತುಂಡಾಯಿತೆಂದು ನಾವು ಚಹಾದಂಗಡಿಯಲ್ಲಿ ದಿನಗಟ್ಟಲೆ ವಾದಿಸಿದೆವು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡದ ಮುಂದಿದ್ದದ್ದು ಬೇರೆಯೇ ಪ್ರಶ್ನೆ: ಭೋರ್ಗರೆವ ನೀರಿನಲ್ಲಿ, ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಹಲಗೆಯಾದ ಸ್ಟಾಪ್‌ಲಾಗ್‌ನ ಮೊದಲ ತುಂಡನ್ನು ಇಳಿಸುವುದು ಹೇಗೆ? ಒಂದರ ಮೇಲೊಂದು ತುಂಡು ಇಳಿಸಿ ವಾರದಲ್ಲಿ ನೀರನ್ನು ಹಿಡಿದು ನಿಲ್ಲಿಸಿದರು. ‘ಏಕೆ’ ಎಂಬ ವಿಚಾರಣೆಗೂ ಸ್ಥಾನವಿದೆ, ಆದರೆ ನೀರು ನಿಂತ ಮೇಲೆ.

ಆದ್ದರಿಂದ ಇಂದು ರಾತ್ರಿ ಆ ಮಾತು ಬಂದಾಗ ಎದ್ದು ದೀಪ ಹಚ್ಚು. ಕಥೆಯ ಯಾವ ಪುಟದ ಯಾವ ಸಾಲಿನಲ್ಲಿ ಓದುಗ ಎಡವಬಹುದೆಂದು ಕಾಗದದ ಮೇಲೆ ಒಂದೇ ಸಾಲು ಬರೆ. ಬರೆಯಲು ಸಾಲು ಸಿಗದಿದ್ದರೆ ಅದು ವಿಮರ್ಶೆಯಲ್ಲ, ಬರೀ ಸುತ್ತಾಟವೆಂದು ತಿಳಿ. ಒಂದು ಲೋಟ ನೀರು ಕುಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕು. ನೀನೂ ನನ್ನಂತೆ ಡೈರಿ ಬರೆಯುತ್ತಿದ್ದರೆ ಅದನ್ನು ಸದ್ಯಕ್ಕೆ ಮುಚ್ಚಿಡು. ನಿದ್ದೆ, ಊಟ ಕೆಟ್ಟು ವಾರಗಳೇ ಆಗಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ನನ್ನ ಪತ್ರಕ್ಕೆ ಕಾಯದೆ 14416ಕ್ಕೆ ಕರೆ ಮಾಡು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕಥೆಯನ್ನು ನಾನೂ ಓದಿದೆ. ಆ ಹಿರಿಯರ ಮಾತು ಒರಟು, ತೀರ್ಪು ತಪ್ಪು. ಆದರೆ ಮೂರನೆಯ ಪುಟದಲ್ಲಿ ಅಜ್ಜಿ ಸತ್ತ ಮೇಲೆ ಬರುವ ಎರಡು ಪ್ಯಾರಾ ನನಗೂ ಸಡಿಲವೆನಿಸಿದವು. ಅವೆರಡನ್ನಷ್ಟೇ ತಿದ್ದಿ, ಮುಂದಿನ ಭಾನುವಾರ ಬರುವಾಗ ತಾ.

ಇಂತಿ,
ನಿನ್ನ ಅಣ್ಣ